ಹಾಳು, ಪಾಳು, ಹಾಳಾದ: ಯುದ್ಧದ ಫೋಟೊಗೆ ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಹೈಸ್ಕೂಲ್ ಮಕ್ಕಳಿಗೆ ತೋರಿಸಲು, ಯುದ್ಧ ಮುಗಿದ ಮೇಲೆ ತೆಗೆದ ಹಳೆಯ ಫೋಟೊಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಜರ್ಮನಿಯ ಡ್ರೆಸ್ಡನ್ ಊರಿನ ಫೋಟೊ ನೋಡಿರಬಹುದು. 1945ರ ಫೆಬ್ರುವರಿಯಲ್ಲಿ ಬಾಂಬ್ ಸುರಿದ ಮೇಲೆ, ಅದೇ ವರ್ಷ, ರಿಚರ್ಡ್ ಪೀಟರ್ ಟೌನ್‌ಹಾಲ್ ಗೋಪುರ ಹತ್ತಿ ತೆಗೆದದ್ದು. ಕಲ್ಲಿನ ಮೂರ್ತಿಯೊಂದು ನಮಗೆ ಬೆನ್ನು ಮಾಡಿ, ಕೈ ಚಾಚಿ ನಿಂತಿದೆ. ಕೆಳಗೆ ಬರೀ ಗೋಡೆಗಳು, ಮೇಲೆ ಚಾವಣಿ ಇಲ್ಲ. ಅದಕ್ಕೆ ‘ಹಾಳಾದ ಊರು’ ಎಂದು ಬರೆದೆ. ನಮ್ಮವ್ವ ಓದಿ, “ಆ ಊರಿಗೆ ಯಾಕ ಬೈತೀಯೋ?” ಅಂದಳು. ಹೌದಲ್ವಾ! ‘ಹಾಳಾದ್ ಕರೆಂಟು’ ಎಂದು ದಿನಾ ಬಯ್ಯುವ ಬಾಯಿ ನಮ್ಮದು.

‘ಪಾಳುಬಿದ್ದ ಊರು’ ಅನ್ನೋಣವೆಂದರೆ ಅದೂ ಕೂಡುತ್ತಿಲ್ಲ. ಹಳಗನ್ನಡದ ಪಾೞ್ ಒಂದೇ, ಪಕಾರ ಹಕಾರವಾಗಿ ಹಾಳು ಆಯಿತು, ಪಾಳೂ ಜೊತೆಗೇ ಉಳಿಯಿತು. ಆದರೆ ಪಾಳುಬಾವಿ, ಪಾಳುಮನೆ ಎಂದಾಗ ಯಾರೋ ಕೆಡವಿದರು ಅಂತ ಅನ್ನಿಸುವುದಿಲ್ಲ, ಸುಮ್ನೆ ಬಿಟ್ಟು ಹೋಗಿದ್ದಾರೆ ಅಷ್ಟೆ. (ಹೊಲ ಆದರೆ ನಾವು ಬೀಳು ಅಂತೀವಿ.)

ಹೊಳೆಯಾಚೆಯ ಹಂಪಿಯನ್ನೇ ನೋಡಿ. 1565ರ ಯುದ್ಧದ ನಂತರ ಹಾಳುಮಾಡಿದ್ದು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿ ಫೋಟೊ ತೆಗೆಯುವಾಗ 291 ವರ್ಷ ಆಗಿತ್ತು, ಅಷ್ಟೊತ್ತಿಗೆ ಅದು ಪಾಳೇ ಅಲ್ವಾ? ಆದರೂ ಜನರ ಬಾಯಲ್ಲಿ ಇವತ್ತಿಗೂ ‘ಹಾಳು ಹಂಪಿ’. ‘ಪಾಳು ಹಂಪಿ’ ಅಂದವರನ್ನು ನಾನಂತೂ ಕಂಡಿಲ್ಲ. ಹಾಳು ಅಂದಾಗ ಮಾಡಿದವರು ಯಾರೋ ಇದ್ದಾರೆ ಅನ್ನುವುದು ಆ ಪದದೊಳಗೇ ಇದೆ ಅಂತ ನನಗೆ ಕಾಣುತ್ತದೆ.

ಪೇಪರಿನವರ ‘ನೆಲಸಮ’ ಬೇಡ. ರಸ್ತೆ ಅಗಲ ಮಾಡಲು ಜೆಸಿಬಿ ಬಂದ ಹಾಗಿರುತ್ತದೆ, ಮೇಲಾಗಿ ಇಲ್ಲಿ ಗೋಡೆಗಳು ನಿಂತೇ ಇವೆ. ‘ಯುದ್ಧಾನಂತರದ ವಿನಾಶ’ ಎಂದರೆ ಮಕ್ಕಳು ಓದದೆ ಮುಂದಿನ ಫೋಟೊಗೆ ಹೋಗುತ್ತಾರೆ. ನಾಗಸಾಕಿಯ ಚಿತ್ರಗಳಿಗೆ ತಾಪತ್ರಯವೇ ಆಗಲಿಲ್ಲ: ಬಾಂಬ್ ಬಿದ್ದದ್ದು ಆಗಸ್ಟ್ 9ಕ್ಕೆ, ಯಾಮಾಹಾತಾ ತೆಗೆದದ್ದು 10ಕ್ಕೆ, ‘ಮಾರನೇ ದಿನ’ ಎಂದು ಬರೆದು ಮುಗಿಸಿದೆ.

ಡ್ರೆಸ್ಡನ್‌ಗೆ ಸದ್ಯ ‘ಹಾಳುಗೆಡವಿದ ಊರು’ ಎಂದು ಇಟ್ಟಿದ್ದೇನೆ. ಆದರೆ ನಾವು ಟೈಮು, ದುಡ್ಡು ಹಾಳುಗೆಡವುವುದೇ ಜಾಸ್ತಿ, ಊರಿಗೆ ಒಗ್ಗುತ್ತದಾ? ರಾಯಚೂರು, ಬಳ್ಳಾರಿ ಕಡೆಯವರು ಗೋಡೆ ಉಳಿದು ಚಾವಣಿ ಹೋದ ಮನೆಗೆ ಬೇರೆ ಏನಾದರೂ ಅಂತೀರಾ?