ಸಂಜೆ ಶಾಲೆಯ ತಗಡು ಹಾರಿಹೋಗಿದೆ, ರೊಕ್ಕ ಎಲ್ಲಿಂದ ತರೋಣ?

(ಪುಣೆ, ವಾರ್ಜೆಯ ಒಂದು ಸೊಸೈಟಿಯ ಕನ್ನಡಿಗರ ಗುಂಪು)

ಎ-1102:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಗಾಳಿಗೆ ಹಿಂದಿನ ಗಲ್ಲಿಯ ಸಂಜೆ ಶಾಲೆಯ ಮೂರು ತಗಡು ಕಿತ್ತು ಹೋಗ್ಯಾವ. ಒಂದು ನಮ್ಮ ಕಂಪೌಂಡಿನೊಳಗ, ಕಸದ ಡಬ್ಬಿ ಹತ್ರ ಬಿದ್ದದ. ಆ ಹೊತ್ತಿನ್ಯಾಗ ಯಾರೂ ಓಡಾಡ್ತಿರಲಿಲ್ಲ, ನಮ್ಮ ಪುಣ್ಯ. ಆ ಮಾಡಿನ ಮ್ಯಾಲೆ ಮೊಳೆಗಿಂತ ಭಾರ ಹೇರಿದ್ದೇ ಜಾಸ್ತಿ: ಆರು ಇಟ್ಟಂಗಿ, ಒಂದು ಹಳೇ ಸ್ಕೂಟರ್ ಟೈರು, ಒಂದು ತಳ ಹೋದ ಕುಕ್ಕರ್. ಒಳಗ 34 ಹುಡುಗರ ಪಾಟಿ, ಪುಸ್ತಕ ಎಲ್ಲಾ ತೊಯ್ದಾವ. ಹಾಜರಿ ಪುಸ್ತಕ ಒಂದನ್ನ ಟೀಚರ್ ಹುಡುಗಿ ಮನೀಗೆ ಒಯ್ದಿದ್ದಳು, ಅದು ಉಳಿದದ.

ಫ್ಯಾಬ್ರಿಕೇಶನ್‌ನವನ ಕೋಟೇಶನ್ ಬಂದದ, 1,34,000. ತಗಡು ಮತ್ತ ಪೈಪು 86,000, ಕೂಲಿ ಮತ್ತ ವೆಲ್ಡಿಂಗ್ 34,000, ವೈರಿಂಗ್ 14,000. ಎಲ್ಲಾದ್ರೂ ಅನುದಾನ ಸಿಗ್ತದೇನು? ತಿಳಿದವರು ಹೇಳ್ರಿ.

ಸಿ-201:
ಮೇಡಂ, ತಪ್ಪು ತಿಳಿಯಬೇಡಿ. ಲಿಫ್ಟ್ ರಿಪೇರಿಗೇ ಸೊಸೈಟಿ ಹತ್ತಿರ ಹಣವಿಲ್ಲ. ಹಿಂದಿನ ಗಲ್ಲಿಯದು ನಮ್ಮ ಸಮಸ್ಯೆ ಹೇಗಾಗುತ್ತದೆ?

ಎ-1102:
ಸರ್, ಮೆಂಟೆನೆನ್ಸ್ ರೊಕ್ಕ ಒಂದು ಪೈಸಾನೂ ಕೇಳ್ತಿಲ್ಲ. ಆದ್ರ ತಗಡು ಬಿದ್ದದ್ದು ನಮ್ಮ ಅಂಗಳದಾಗ. ಆ ಮಕ್ಕಳ ಅವ್ವಂದಿರು ಬೆಳಿಗ್ಗೆ ನಮ್ಮ ಮನೀಗಳಾಗ ಪಾತ್ರೆ ತಿಕ್ಕತಾರ, ಅಪ್ಪಂದಿರು ವಾರ್ಜೆ ನಾಕಾದಾಗ ಕೂಲಿಗೆ ನಿಂದರ್ತಾರ. ಯಾದಗಿರಿ, ಸುರಪುರ, ಶಹಾಪುರ ಕಡೆಯವರೇ ಹೆಚ್ಚು. ಹುಡುಗರು ಹೋಗೂದು ಪಾಲಿಕೆಯ ಮರಾಠಿ ಶಾಲೆಗೆ, ಮನ್ಯಾಗ ಮಾತು ಕನ್ನಡ. ‘ಬೇರೀಜ್’ ಅಂದ್ರ ಕೂಡಿಸೂದು ಅಂತ ತಿಳಿಯೂತನಕ ಎರಡನೇತ್ತೆ ಮುಗದಿರ್ತದ. ಅದಕ್ಕ ಈ ಸಂಜೆ ಶಾಲೆ.

ಎ-505:
ಆಂಟಿ, ಕಂಪನಿಗಳ ಸಿಎಸ್‌ಆರ್ ಫಂಡ್‌ಗೆ (ಸಮಾಜದ ಕೆಲಸಕ್ಕೆ ಇಡೋ ಹಣ) ಅರ್ಜಿ ಹಾಕೋಣ. ಕಂಪನಿಗಳಿರೋ ಹಿಂಜವಡಿ, ಚಾಕಣ ಎಲ್ಲಾ ಇಲ್ಲೇ ಇದೆ. ಒಂದು ಲಕ್ಷ ಅವರಿಗೆ ಏನೂ ಅಲ್ಲ. ಇವತ್ತೇ ಇಮೇಲ್ ಡ್ರಾಫ್ಟ್ ಮಾಡಲಾ?

ಬಿ-304:
ಸ್ವಲ್ಪ ತಡೀರಿ ಮಾರಾಯ್ರೆ. ಲೆಕ್ಕ ಪರಿಶೋಧನೆ ನನ್ನ ಹೊಟ್ಟೆಪಾಡು, ಹಾಗಾಗಿ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

2013ರ ಕಂಪನಿ ಕಾಯಿದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿ ಉಂಟು. ತಾನಿರುವ ಊರಿನ ಸುತ್ತಮುತ್ತ ಮೊದಲು ನೋಡಬೇಕು ಅಂತಲೂ ಉಂಟು. ಇಷ್ಟು ಓದಿದರೆ ಬಾಗಿಲು ತೆರೆದೇ ಇದೆ ಅನಿಸುತ್ತದೆ.

ಆದರೆ ಕಂಪನಿ ಹೊರಗಿನವರ ಕೈಯಲ್ಲಿ ಕೆಲಸ ಮಾಡಿಸಬೇಕಾದರೆ ಆ ಸಂಸ್ಥೆ ನೋಂದಾಯಿತ ಟ್ರಸ್ಟೋ ಸೊಸೈಟಿಯೋ ಆಗಿರಬೇಕು, ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ಕೊಡುವವರಿಗೆ ವಿನಾಯಿತಿ) ನೋಂದಣಿ ಇರಬೇಕು, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ಬೇರೆ ಪಡೆಯಬೇಕು. ನಮ್ಮ ಹತ್ತಿರ ಏನುಂಟು? ಒಂದು ವಾಟ್ಸಾಪ್ ಗುಂಪು, ಒಂದು ಹಾಜರಿ ಪುಸ್ತಕ.

ಹೌಸಿಂಗ್ ಸೊಸೈಟಿಯ ಹೆಸರಲ್ಲಿ ಕೇಳುವ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಆಗುವುದಿಲ್ಲ. ಅದು 1960ರ ಸಹಕಾರಿ ಸಂಘಗಳ ಕಾಯಿದೆಯ ಕೂಸು, ಸದಸ್ಯರ ಅನುಕೂಲಕ್ಕೆ ಹುಟ್ಟಿದ್ದು. ಧರ್ಮಕಾರ್ಯದ ಸಂಸ್ಥೆ ಅಲ್ಲ.

ಎ-505:
ಹಾಗಾದ್ರೆ ನಾವೇ ಒಂದು ಟ್ರಸ್ಟ್ ಮಾಡಿಬಿಟ್ಟರೆ?

ಬಿ-304:
ಮಾಡಬಹುದು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ (ಟ್ರಸ್ಟ್) ಕಾಯಿದೆಯಡಿ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ತಾತ್ಕಾಲಿಕ 12ಎ, 80ಜಿ. ಪ್ರತಿ ವರ್ಷ ಆಡಿಟ್. ಒಬ್ಬ ವಿಶ್ವಸ್ತ (ಟ್ರಸ್ಟಿ) ಬದಲಾದರೂ 90 ದಿನದೊಳಗೆ ‘ಚೇಂಜ್ ರಿಪೋರ್ಟ್’. ನಮ್ಮಲ್ಲಿ ಬಾಡಿಗೆಯವರು ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವವರು, ವಿಶ್ವಸ್ತರನ್ನು ಎಲ್ಲಿಂದ ಹಿಡಿದು ತರುವುದು? ಮೂರು ತಗಡಿಗಾಗಿ ಮೂವತ್ತು ವರ್ಷದ ಸಂಸಾರ ಹೂಡಿದ ಹಾಗಾಗುತ್ತದೆ.

ನನ್ನ ಸಲಹೆ ಒಂದೇ. ಈಗಾಗಲೇ ಕಾಗದಪತ್ರ ಸರಿಯಿರುವ ಒಂದು ಟ್ರಸ್ಟ್‌ನ ಜೊತೆ ಸೇರಿ ಕೇಳುವ. ಅರ್ಜಿ ಅವರ ಹೆಸರಲ್ಲಿ, ಕೆಲಸ ನಮ್ಮದು, ಬಿಲ್ಲು ಅವರ ಖಾತೆಯಿಂದ.

ಬಿ-806:
ಸಿ.ಎ. ಸಾಹೇಬ್ರು ಹೇಳಿದ್ದು ಖರೆ ಅದ. ನಾ ಒಂದು ಮಾತು ಹೇಳ್ತೀನಿ. ಹತ್ತು ವರ್ಷದ ಹಿಂದ ನಾ ಒಂದು ಸಣ್ಣ ಟ್ರಸ್ಟಿನ್ಯಾಗ ವಿಶ್ವಸ್ತ ಇದ್ದೆ. ಒಬ್ಬಾಂವ ಬಂದ, ಕೈಯಾಗ ಬ್ಯಾಗು, ಬಾಯಾಗ ದೊಡ್ಡ ದೊಡ್ಡ ಕಂಪನಿ ಹೆಸರು. ‘ಕಾಕಾ, 40 ಲಕ್ಷ ಸಿಎಸ್‌ಆರ್ ಕೊಡಸ್ತೀನಿ, ಫೈಲ್ ಖರ್ಚು 35,000 ಅಷ್ಟ’ ಅಂದ. ಕೊಟ್ಟಿವಿ. ತಿಂಗಳಾದ ಮ್ಯಾಲೆ, ‘ರೊಕ್ಕ ಬಂದ ಕೂಡಲೆ ನೂರಕ್ಕ ಮೂವತ್ತು ನಗದು ವಾಪಸ್ ಕೊಡಬೇಕು’ ಅಂದ. ಆಗಲಿಲ್ಲ ಅಂದೆ. ಮುಂದ ಫೋನ್ ಎತ್ತಲಿಲ್ಲ. 35,000 ನಾವು ಐದು ಮಂದಿ ಕಿಸೆದಾಗಿಂದ ತುಂಬಿದಿವಿ, ಆ ಸಲ ದೀಪಾವಳಿಗೆ ಮನ್ಯಾಗ ಹೊಸ ಸೀರಿ ಬರಲಿಲ್ಲ. ಮುಂಗಡ ಕೇಳಿದಾಂವ ಯಾರೇ ಇರಲಿ, ಚಹಾ ಕುಡಿಸಿ ಕಳಸರಿ.

ಬಿ-304:
ಸರಿಯಾಗಿ ಹೇಳಿದಿರಿ ಕಾಕಾ. ಕಂಪನಿಯ ಹಣ ಟ್ರಸ್ಟ್ ಖಾತೆಗೆ ನೇರ ಬರುತ್ತದೆ, ನಡುವೆ ದಲ್ಲಾಳಿಗೆ ಜಾಗವಿಲ್ಲ. ನೀತಿ ಆಯೋಗದ ‘ಎನ್‌ಜಿಒ ದರ್ಪಣ’ ತಾಣದಲ್ಲಿ ಸಂಸ್ಥೆಯ ನೋಂದಣಿಗೂ ಶುಲ್ಕವಿಲ್ಲ, ಅದನ್ನು ಮಾಡಿಸಿಕೊಡಲು ಹಣ ಕೇಳುವವರೂ ಇದ್ದಾರೆ.

ಸಿ-201:
ನಮ್ಮ ತಮ್ಮ ಅಮೆರಿಕದಲ್ಲಿದ್ದಾನೆ. ಅವನ ಗೆಳೆಯರೆಲ್ಲ ಸೇರಿ ಕಳಿಸಿದರೆ?

ಬಿ-304:
ತಮ್ಮ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಅಲ್ಲಿಯ ಪೌರರು, ಅಲ್ಲಿಯ ಸಂಸ್ಥೆಗಳು ಕೊಟ್ಟರೆ ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ಕಾಯಿದೆ (ಎಫ್‌ಸಿಆರ್‌ಎ) ಬರುತ್ತದೆ. 2020ರ ತಿದ್ದುಪಡಿ ಆದ ಮೇಲೆ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗೂ ಇಲ್ಲ. ಗೆಳೆಯರ ಸುದ್ದಿ ಬಿಡಿ, ದಮ್ಮಯ್ಯ.

ಸಿ-201:
ಸರಿ ಸರಿ. ಅವನು ಸಿಟಿಜನ್ ಆಗಿ ನಾಲ್ಕು ವರ್ಷ ಆಯಿತು.

ಎ-1102:
ರೋಟರಿಯವರು ಕೊಡ್ತಾರಂತ ನಮ್ಮ ವೈನಿ ಹೇಳಿದ್ರು.

ಬಿ-806:
ಕೊಡ್ತಾರ. ಆದ್ರ ಅವರ ಗ್ಲೋಬಲ್ ಗ್ರ್ಯಾಂಟ್ ಅಂದ್ರ ಕೆಲಸ 30,000 ಡಾಲರಿಗಿಂತ ಕಡಿಮಿ ಇರಬಾರದು, ಮತ್ತ ಹೊರದೇಶದ ಕ್ಲಬ್ ಒಂದು ಜೋಡಿ ಬೇಕು. ನಮ್ಮಂಥವರಿಗೆ ಡಿಸ್ಟ್ರಿಕ್ಟ್ ಗ್ರ್ಯಾಂಟ್ ಚೊಲೋ. ಪುಣೆ ರೋಟರಿಯ 3131 ಡಿಸ್ಟ್ರಿಕ್ಟಿನ್ಯಾಗ ಬರ್ತದ. ಅರ್ಜಿ ಕ್ಲಬ್ಬಿನವರೇ ಹಾಕಬೇಕು, ನಾವು ಹೋಗಿ ಕೈಮುಗೀಬೇಕು. ಜುಲೈ 1ಕ್ಕ ಅವರ ವರ್ಷ ಸುರು, ಹೊಸ ಅಧ್ಯಕ್ಷರು ಬರ್ತಾರ. ಹೊಸಬರಿಗೆ ಉಮೇದಿ ಇರ್ತದ, ಆಗ ಹೋಗೂಣು.

ಎ-505:
ಕರ್ನಾಟಕ ಸರ್ಕಾರ? ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತಲ್ಲ, ಸೇವಾ ಸಿಂಧುವಿನಲ್ಲಿ ಅರ್ಜಿ.

ಎ-1102:
ಅದು ಸಾಂಸ್ಕೃತಿಕ ಕೆಲಸಕ್ಕ ತಂಗಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಲಕ್ಷ್ಯ ಅಕ್ಕಲಕೋಟ, ಜತ್ತ ಕಡೆ, ಪುಣೆ ಗಡಿ ಅಲ್ಲ. ನಾವು ಕೋಲಾಟ, ಡೊಳ್ಳು ಅಂತ ಬರದು ತಗಡು ಹಾಕಿಸಿದ್ರ ಅದು ಸುಳ್ಳ ಆಗ್ತದ. ನನಗ ಒಲ್ಲದು. ಆದ್ರ ಗಣೇಶನಗರದ ಕನ್ನಡ ಹೈಸ್ಕೂಲಿನ ದೊಡ್ಡ ಹುಡುಗರು ಶನಿವಾರ ಬಂದು ಕಲಿಸಿದ್ರ ಚೊಲೋ. ಅದನ್ನ ಕೇಳೂಣು, ಅದಕ್ಕ ರೊಕ್ಕ ಬೇಕಾಗೂದಿಲ್ಲ.

ಬಿ-304:
ಅಕ್ಕ, ಒಂದು ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ಆ ಜಾಗ ಯಾರದು?

ಎ-1102:
ಪ್ಲಾಟಿನ ಮಾಲಕರದು. ಬಾಯಿಮಾತಿನ್ಯಾಗ ಕೊಟ್ಟಾರ. ಬಾಡಿಗಿ ಇಲ್ಲ.

ಬಿ-304:
ಬರಹದಲ್ಲಿ ತೆಗೆದುಕೊಳ್ಳಿ. ಇಂತಿಷ್ಟು ವರ್ಷ ಶಾಲೆ ನಡೆಸಲು ಒಪ್ಪಿಗೆ, ಬೇಡವಾದಾಗ ಶೆಡ್ ಬಿಚ್ಚಿ ಒಯ್ಯುತ್ತೇವೆ ಅಂತ. ಬೇರೆಯವರ ಜಾಗದಲ್ಲಿ ಗೋಡೆ ಕಟ್ಟಲು ಯಾರೂ ಹಣ ಕೊಡುವುದಿಲ್ಲ. ನಟ್ಟು ಬೋಲ್ಟಿನ ಶೆಡ್ಡಿಗೆ ಕೊಟ್ಟಾರು. ಕೋಟೇಶನ್‌ನಲ್ಲೂ ‘ಬಿಚ್ಚಿ ಜೋಡಿಸಬಹುದಾದ’ ಅಂತ ಬರೆಸಿ.

ಇನ್ನೊಂದು. ತಗಡು, ಬೆಂಚು, ಫ್ಯಾನು ಅಂದರೆ ಕೊಡುವವರು ಸಿಗುತ್ತಾರೆ, ಹೆಸರು ಬರೆಸಲು ಜಾಗ ಇರುತ್ತದಲ್ಲ. ಟೀಚರ್ ಸಂಬಳ ಅಂದರೆ ಮುಖ ತಿರುಗಿಸುತ್ತಾರೆ. ಶಾಲೆ ನಡೆಯುವುದು ಸಂಬಳದಿಂದ. ಆಕೆಗೆ ಈಗ ಎಷ್ಟು?

ಎ-1102:
ತಿಂಗಳಿಗೆ 8,000. ನಾವು ಎಂಟು ಮನಿಯವರು ಸಾವಿರದಂಗ ಹಾಕ್ತೀವಿ. ಹೋದ ತಿಂಗಳ ಇಬ್ಬರು ಮರತ್ರು. ಹುಡುಗಿ ಬಾಯಿ ಬಿಟ್ಟು ಕೇಳಲಿಲ್ಲ.

ಸಿ-201:
ನನ್ನದೊಂದು ಸಾವಿರ ಸೇರಿಸಿ. 80ಜಿ ರಸೀದಿ ಸಿಗುತ್ತದಾ?

ಬಿ-304:
ಟ್ರಸ್ಟ್ ಮೂಲಕ ಕೊಟ್ಟರೆ ಸಿಗುತ್ತದೆ. 2,000 ದಾಟಿದರೆ ನಗದು ಬೇಡ, ವಿನಾಯಿತಿ ಇಲ್ಲ. ಅಂದ ಹಾಗೆ ಹೋದ ವರ್ಷ ನಿಮ್ಮ ರಿಟರ್ನ್ ತುಂಬಿದ್ದು ನಾನೇ, ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದೀರಿ. ಅದರಲ್ಲಿ 80ಜಿಗೆ ಬೆಲೆಯೇ ಇಲ್ಲ. ರಸೀದಿ ಗೋಡೆಗೆ ತೂಗುಹಾಕಬಹುದು.

ಸಿ-201:
😄 ಆದರೂ ಕೊಡುತ್ತೇನೆ.

ಎ-505:
ಹಾಗಾದ್ರೆ ಗಣಪತಿ ವರ್ಗಣಿ (ಚಂದಾ) ತರಹ ಪಾವತಿ ಪುಸ್ತಕ ಹಿಡಿದು ಸುತ್ತಲಿನ ಸೊಸೈಟಿಗಳಲ್ಲಿ ಎತ್ತಿಬಿಡೋಣ.

ಬಿ-304:
ಗಣಪತಿ ಮಂಡಳಿಯವರೂ ಅನುಮತಿ ತೆಗೆದುಕೊಳ್ಳಬೇಕು. ನೋಂದಣಿ ಇಲ್ಲದವರು ಸಾರ್ವಜನಿಕರಿಂದ ಎತ್ತುವುದಾದರೆ ಅದೇ 1950ರ ನ್ಯಾಸ ಕಾಯಿದೆಯ 41 ಸಿ ಕಲಂ ಉಂಟು. ಇದಕ್ಕೂ ಟ್ರಸ್ಟ್‌ನ ರಸೀದಿ ಪುಸ್ತಕವೇ ಒಳ್ಳೆಯದು.

ಬಿ-806:
ಗಲ್ಲಿಯ ಗಟಾರ ಮತ್ತ ದೀಪದ ಸುದ್ದಿ ಬ್ಯಾರೆ ಮಾಡ್ರಿ. ಅದಕ್ಕ ದಾನ ಯಾಕ ಬೇಕು? ಪುಣೆ ಪಾಲಿಕೆ 2006ರಿಂದ ನಾಗರಿಕರು ಬಜೆಟ್‌ಗೆ ಕೆಲಸ ಸೂಚಿಸೂ ಪದ್ಧತಿ ಇಟ್ಟದ. ಒಂದು ಕೆಲಸಕ್ಕ 5 ಲಕ್ಷದ ಮಿತಿ. ಅರ್ಜಿ ಕ್ಷೇತ್ರೀಯ ಕಚೇರಿಗೆ. ಮಳಿಗಾಲ ಮುಗಿಯೂ ಹೊತ್ತಿಗೆ ಕರೀತಾರ. ಗಟಾರದ ನೀರು ಶೆಡ್ಡಿನ ಬಾಗಲಿಗೆ ಬರೂ ಫೋಟೋ ಈಗೇ ತಗೊಂಡಿಡ್ರಿ, ಸಪ್ಟಂಬರದಾಗ ಒಣಗಿರ್ತದ.

ಎ-505:
ಮೇಸ್ತ್ರಿ ಅಣ್ಣನ್ನ ಗುಂಪಿಗೆ ಸೇರಿಸಿದ್ದೀನಿ. ಅವರಿಗೆ ಟೈಪ್ ಮಾಡೋದು ಕಷ್ಟ, ವಾಯ್ಸ್ ಕಳಿಸಿದ್ದಾರೆ. ನಾನೇ ಕೇಳಿ ಬರೀತಿದ್ದೀನಿ:

‘ನಮಸ್ಕಾರ್ರೀ ಅಕ್ಕಾರ. ಪತ್ರಾಸ (ತಗಡು) ಹಾಕಾಕ ಕೂಲಿ ಯಾಕ್ರಿ? ನಾವು ಹನ್ನೆರಡು ಅಂತಸ್ತಿನ ಬಿಲ್ಡಿಂಗಿಗೆ ಪರಾಂಚಿ (ಅಟ್ಟಣಿಗೆ) ಕಟ್ಟವ್ರು. ವೆಲ್ಡಿಂಗಿನಾಂವ ಒಬ್ಬಾಂವ ಬೇಕು, ಉಳದದ್ದು ನಾವ ಮಾಡ್ತೀವ್ರಿ. ಐತವಾರ ಬರ್ತೀವಿ, ಅವತ್ತು ನಾಕಾ ಖಾಲಿ ಇರ್ತದ. ಆದ್ರ ಮೊಳಿ ಬ್ಯಾಡ್ರಿ, ರಬ್ಬರ್ ವಾಶರಿನ ಸ್ಕ್ರೂ ತರ್ರಿ. ಮೊಳಿ ಹೊಡದ ತೂತು ಗಾಳಿಗೆ ದೊಡ್ಡದಾಗ್ತದ, ಅದಕ್ಕ ಹಾರಿದ್ದು.’

ಎ-1102:
ಅಣ್ಣಾ, ಭಾಳ ಉಪಕಾರ ಆತು. ನಿಮ್ಮ ಮಂದಿಗೆ ಕಾಮಗಾರ ಕಾರ್ಡ್ (ಕಟ್ಟಡ ಕಾರ್ಮಿಕರ ನೋಂದಣಿ) ಆಗ್ಯಾವೇನು?

ಎ-505:
ಅವರ ಉತ್ತರ: ‘ಏಳು ಮಂದೀದು ಆಗ್ಯಾವ್ರಿ. ಉಳದವರಿಗೆ 90 ದಿನ ಕೆಲಸ ಮಾಡ್ಯಾನ ಅಂತ ಸಹಿ ಬೇಕಂತ. ಗುತ್ತೇದಾರ ಇವತ್ತ ನಾಳೆ ಅಂತಾನ.’

ಬಿ-304:
ಇದನ್ನು ಬಿಡಬಾರದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಹಣ ದಾನವಲ್ಲ. ಕಾನೂನು ಪ್ರಕಾರ ಕಟ್ಟಡದ ವೆಚ್ಚದ ಶೇ. 1 ಸೆಸ್ (ಉಪತೆರಿಗೆ) ಎತ್ತಿ ಇವರಿಗಾಗಿಯೇ ಇಟ್ಟದ್ದು. ಮಹಾರಾಷ್ಟ್ರದಲ್ಲಿ ನೋಂದಾಯಿತ ಕಾರ್ಮಿಕರ ಎರಡು ಮಕ್ಕಳವರೆಗೆ ಒಂದರಿಂದ ಏಳನೇ ತರಗತಿಗೆ ವರ್ಷಕ್ಕೆ 2,500, ಎಂಟರಿಂದ ಹತ್ತಕ್ಕೆ 5,000 ಉಂಟು. ಶಾಲೆಯಲ್ಲಿ ಶೇ. 75 ಹಾಜರಿ ಬೇಕು. ಕಾರ್ಡ್ ವರ್ಷ ವರ್ಷ ನವೀಕರಿಸಬೇಕು. 34 ಮಕ್ಕಳಲ್ಲಿ ಇಪ್ಪತ್ತಕ್ಕೆ ಸಿಕ್ಕಿದರೂ ನಾವು ಕೋಟೇಶನ್ ಹಿಡಿದು ಅಲೆಯುವ ಮೊತ್ತದ ಮೂರನೇ ಒಂದು ಪಾಲಿಗಿಂತ ಹೆಚ್ಚು ದುಡ್ಡು ಮನೆಮನೆಗೇ ಬಂದ ಹಾಗೆ.

ಸಿ-201:
ಆ ಗುತ್ತಿಗೆದಾರರು ನಮ್ಮ ಸೊಸೈಟಿ ಪೇಂಟಿಂಗ್‌ಗೂ ಕೋಟೇಶನ್ ಕೊಟ್ಟಿದ್ದಾರೆ. ಕಮಿಟಿಯಲ್ಲಿ ನಾನಿದ್ದೇನೆ. ಸಹಿಯ ವಿಷಯ ನಾನು ಮಾತಾಡುತ್ತೇನೆ.

ಬಿ-806:
ಭಲೇ! ನಿನ್ನೆ ‘ನಮ್ಮ ಸಮಸ್ಯೆ ಹ್ಯಾಂಗ’ ಅಂದವರು ಇವರೇ ಏನು?

ಎ-1102:
ಕಾಕಾ, ಸುಮ್ನಿರ್ರಿ. 🙏

ಹಂಗಾದ್ರ ಹಿಂಗ. ಕೋಟೇಶನ್ ಹೊಸದಾಗಿ ಬರಸ್ತೀನಿ: ವೆಲ್ಡಿಂಗ್‌ಗೆ 9,000 ಇಟ್ಟು ಕೂಲಿ ತಗದ್ರ 1,09,000. ಕಾಕಾ ಮತ್ತ ಸಿ.ಎ. ಸಾಹೇಬ್ರು ಟ್ರಸ್ಟಿನವರನ್ನ ಕಾಣ್ತಾರ. ಪುಣೆಯಾಗ ಕಟ್ಟಡ ಕೂಲಿಕಾರರ ಮಕ್ಕಳಿಗೆ ದಶಕಗಳಿಂದ ಕಲಿಸ್ತಿರೂ ಡೋರ್ ಸ್ಟೆಪ್ ಸ್ಕೂಲಿನವರನ್ನೂ ಒಮ್ಮೆ ಕೇಳೂಣು, ರೊಕ್ಕ ಅಲ್ಲ, ಕಲಿಸೂ ರೀತಿ. ಮಾಲಕರ ಒಪ್ಪಿಗಿ ಪತ್ರ ನಾ ತರ್ತೀನಿ. ಐತವಾರ ಮುಂಜಾನೆ 10:30ಕ್ಕ ಕ್ಲಬ್ ಹೌಸ್. ಅಲ್ಲೀತನಕ ಕ್ಲಾಸು ನಮ್ಮ ಪಾರ್ಕಿಂಗಿನ್ಯಾಗ, 6ರಿಂದ 7:30, ಯಾರದೂ ತಕರಾರು ಇಲ್ಲಲ್ಲ?

ಸಿ-201:
ನನ್ನ ಕಾರು ಹೊರಗೆ ನಿಲ್ಲಿಸುತ್ತೇನೆ. ಆ ಮಾಡಿನ ಮೇಲಿದ್ದ ಸ್ಕೂಟರ್ ಟೈರು ಬಹುಶಃ ನನ್ನದು, ಹೋದ ವರ್ಷ ಪಾರ್ಕಿಂಗ್‌ನಿಂದ ಕಾಣೆಯಾಗಿತ್ತು. ಸ್ಕ್ರೂ ಹಾಕಿದ ಮೇಲೆ ವಾಪಸ್ ಕೊಡಿ.

ಎ-505:
ಮೇಸ್ತ್ರಿ ಅಣ್ಣ: ‘ಅದು ಈಗ ಹುಡುಗರ ಗಾಡಿ ಆಗ್ಯದ್ರಿ ಸಾಹೇಬ್ರ, ಕೋಲು ಹಿಡಕೊಂಡು ಓಡಸ್ತಾರ.’