250 ಓಮ್ ಹೆಡ್‌ಫೋನ್‌ಗೆ ಯಾವ ಆಂಪ್? ಹಳೆಯದರಲ್ಲಿ ಗುಂಯ್ ಸದ್ದು, ಎಡಗಡೆ ಜಾಸ್ತಿ ಕೇಳುತ್ತಿದೆ

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಹೆಡ್‌ಫೋನ್ ಇದೆ, 250 ಓಮ್‌ನದು (ಕರೆಂಟಿಗೆ ಅದು ಒಡ್ಡುವ ತಡೆ). ಕಂಪ್ಯೂಟರ್‌ಗೆ ನೇರ ಸಿಕ್ಕಿಸಿದರೆ ಸದ್ದು ಸಾಲುತ್ತಿರಲಿಲ್ಲ. ಅದಕ್ಕೆ ಯಾರೋ ಬಳಸಿ ಬಿಟ್ಟ ಒಂದು ಸಣ್ಣ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ತೆಗೆದುಕೊಂಡೆ. ಕಂಪ್ಯೂಟರ್ ಡಬ್ಬದ ಮುಂದಿನ ಜ್ಯಾಕ್‌ನಿಂದ ಒಂದು ವೈರು ಎಳೆದು ಆಂಪ್‌ಗೆ ಕೊಟ್ಟಿದ್ದೇನೆ.

ಈಗ ಸದ್ದೇನೋ ಬೇಕಾದಷ್ಟಿದೆ. ಆದರೆ ಎರಡು ತೊಂದರೆ. ಹಾಡು ನಿಂತಾಗ ಹಿಂದೆ ಗುಂಯ್ ಅನ್ನುತ್ತದೆ, ಮೌಸ್ ಆಡಿಸಿದರೆ ಕಿರ್ ಕಿರ್ ಅಂತಲೂ ಕೇಳುತ್ತದೆ. ಇನ್ನೊಂದು, ರಾತ್ರಿ ಮೆಲ್ಲಗೆ ಇಟ್ಟು ಕೇಳುವಾಗ ಎಡಗಡೆ ಜಾಸ್ತಿ, ಬಲಗಡೆ ಕಡಿಮೆ. ಹೊಸ ಆಂಪ್ ಕೊಳ್ಳೋಣ ಅಂತಿದ್ದೇನೆ. ಜೆಡಿಎಸ್ ಲ್ಯಾಬ್ಸ್ ಆಟಂ, ಶಿಟ್ ಮ್ಯಾಗ್ನಿ ಹೆರೆಸಿ, ಇವೆರಡರಲ್ಲಿ ಯಾವುದು? ಆಟಂ 32 ಓಮ್‌ಗೆ 1 ವ್ಯಾಟ್ ಕೊಡುತ್ತದೆ, ಹೆರೆಸಿ 2.4 ವ್ಯಾಟ್. ಜಾಸ್ತಿ ಇರುವುದೇ ಒಳ್ಳೆಯದು ಅಲ್ವಾ?

ಉತ್ತರ:

ದಯವಿಟ್ಟು ಇನ್ನೂ ಏನೂ ಕೊಳ್ಳಬೇಡಿ. ನೀವು ಹೇಳಿದ ಎರಡೂ ತೊಂದರೆಗೆ ಆಂಪ್ ಕೆಟ್ಟಿರುವುದು ಕಾರಣವಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಹೊಸ ಆಂಪ್ ತಂದು ಅದೇ ಮುಂದಿನ ಜ್ಯಾಕ್‌ಗೆ ಸಿಕ್ಕಿಸಿದರೆ ಅದೇ ಗುಂಯ್ ಮತ್ತೆ ಕೇಳಬಹುದು.

ಮೊದಲು ಒಂದು ಪರೀಕ್ಷೆ ಮಾಡಿ. ವಾಲ್ಯೂಮ್ ಪೂರ್ತಿ ಇಳಿಸಿ, ಹೆಡ್‌ಫೋನ್ ಕಿವಿಯಿಂದ ತೆಗೆಯಿರಿ. ಆಂಪ್‌ನ ಹಿಂದಿನಿಂದ ಒಳಬರುವ ವೈರನ್ನು ಪೂರ್ತಿ ಕಿತ್ತುಬಿಡಿ. ಕಂಪ್ಯೂಟರ್ ಕಡೆಯ ತುದಿ ಮಾತ್ರ ಕಿತ್ತರೆ ಸಾಲದು, ಆಂಪ್‌ನಲ್ಲಿ ಉಳಿದ ವೈರೇ ಆಂಟೆನಾದ ಹಾಗೆ ಸದ್ದು ಹಿಡಿಯುತ್ತದೆ. ಆಮೇಲೆ ವಾಲ್ಯೂಮನ್ನು ನಿಧಾನವಾಗಿ ಏರಿಸುತ್ತಾ ಕೇಳಿ. ಗುಂಯ್ ಇಲ್ಲ ಅಂದರೆ ಆಂಪ್ ಸರಿಯಿದೆ, ಗಲೀಜು ಕಂಪ್ಯೂಟರ್‌ನಿಂದ ಬರುತ್ತಿದೆ.

ಮುಂದಿನ ಜ್ಯಾಕ್ ಇದಕ್ಕೆ ಹೆಸರುವಾಸಿ. ಅಲ್ಲಿಂದ ಮದರ್‌ಬೋರ್ಡ್‌ವರೆಗೆ ಒಂದು ತೆಳು ವೈರು ಡಬ್ಬದೊಳಗೆ, ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದು ಹೋಗಿರುತ್ತದೆ. ಮೌಸ್ ಆಡಿಸಿದಾಗ ಕಂಪ್ಯೂಟರ್ ಮಾಡುವ ಕೆಲಸ ಸದ್ದಾಗಿ ಕೇಳುತ್ತಿದೆ ಅಂದರೆ ಅದು ಆಂಪ್ ಹುಟ್ಟಿಸುವ ಸದ್ದಲ್ಲ. ಆಂಪ್ ತನಗೆ ಕೊಟ್ಟಿದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ಎಡಗಡೆ ಜಾಸ್ತಿ ಅನ್ನುವುದಕ್ಕೆ: ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ. ಜಾಸ್ತಿ ಸದ್ದು ಈಗ ಬಲಗಿವಿಗೆ ಬಂದರೆ ಕಿವಿಯ ದೋಷವಲ್ಲ. ಆಮೇಲೆ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ಇಟ್ಟು, ಕಂಪ್ಯೂಟರ್‌ನಲ್ಲಿ ಸದ್ದು ಇಳಿಸಿ ಕೇಳಿ. ಎರಡೂ ಕಡೆ ಸಮ ಆದರೆ ಅದು ಗುಂಡಿಯ ಒಳಗಿನ ಪಾಟ್‌ನ (ಸದ್ದು ಏರಿಳಿಸುವ ಬಿಡಿಭಾಗದ) ಸ್ವಭಾವ. ಅದರಲ್ಲಿ ಎಡಕ್ಕೊಂದು ಬಲಕ್ಕೊಂದು ಹಾದಿ ಇರುತ್ತದೆ, ತೀರಾ ಕೆಳಗೆ ಅವೆರಡೂ ಒಂದೇ ಸಮ ಇರುವುದಿಲ್ಲ. ಕೈಗೆಟಕುವ ಬೆಲೆಯ ಆಂಪ್‌ಗಳಲ್ಲಿ ಇದು ಸಾಮಾನ್ಯ. ನಿಮ್ಮದರಲ್ಲಿ ಗೇನ್ ಸ್ವಿಚ್, ಅಂದರೆ ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅಂತ ಹೇಳುವ ಹೈ, ಲೋ ಸ್ವಿಚ್ ಇದೆಯಾ? ಈಗ ಹೈನಲ್ಲಿದೆಯಾ?

ಪ್ರಶ್ನೆ ಕೇಳಿದವರು:

ಹೌದು, ಹೈನಲ್ಲೇ ಇತ್ತು! 250 ಓಮ್‌ಗೆ ಹೈ ಬೇಕು ಅಂತ ಎಲ್ಲೋ ಓದಿದ್ದೆ. ವೈರು ಕಿತ್ತು ನೋಡಿದೆ, ಗುಂಡಿ ಪೂರ್ತಿ ತಿರುಗಿಸಿದರೂ ನಿಶ್ಶಬ್ದ. ಗುಂಡಿಯನ್ನು ಮೇಲಿಟ್ಟು ಕೇಳಿದಾಗ ಎರಡೂ ಕಡೆ ಸಮವಾಗಿದೆ. ಆದರೆ ಲೋ ಗೇನ್‌ಗೆ ಹಾಕಿದರೆ ಕೆಲವು ಹಳೆಯ ರೆಕಾರ್ಡಿಂಗ್‌ಗಳಿಗೆ ಸದ್ದು ಸಾಲುತ್ತಿಲ್ಲ. ಹಾಗಾದರೆ ಜಾಸ್ತಿ ವ್ಯಾಟ್‌ನದು ಬೇಕಲ್ವಾ?

ಉತ್ತರ:

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಈ ಲೆಕ್ಕ ಬಂದರೆ ಇನ್ನು ಮುಂದೆ ಯಾವ ಆಂಪ್‌ನ ಜಾಹೀರಾತು ನೋಡಿದರೂ ನಿಮಗೆ ಗೊಂದಲ ಆಗುವುದಿಲ್ಲ.

ನಿಮ್ಮ ಹೆಡ್‌ಫೋನ್ 1 ಮಿಲಿವ್ಯಾಟ್‌ಗೆ 96 ಡೆಸಿಬೆಲ್ ಸದ್ದು ಮಾಡುತ್ತದೆ. 250 ಓಮ್‌ನಲ್ಲಿ 1 ಮಿಲಿವ್ಯಾಟ್ ಅಂದರೆ ಅರ್ಧ ವೋಲ್ಟ್. ವೋಲ್ಟ್ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಅಂದರೆ 1 ವೋಲ್ಟ್‌ಗೆ 102, 2 ವೋಲ್ಟ್‌ಗೆ 108. ಹಾಡಿನ ಅತಿ ಜೋರಿನ ಕ್ಷಣ 110 ಡೆಸಿಬೆಲ್ ಮುಟ್ಟಬೇಕು ಅಂದರೂ ಸುಮಾರು 2.5 ವೋಲ್ಟ್ ಸಾಕು. ಶಕ್ತಿ ಎಷ್ಟು ಗೊತ್ತಾ? ಬರೀ 25 ಮಿಲಿವ್ಯಾಟ್. ಒಂದು ವ್ಯಾಟ್‌ನ ನಲವತ್ತರಲ್ಲಿ ಒಂದು ಪಾಲು.

32 ಓಮ್‌ಗೆ 1 ವ್ಯಾಟ್ ಕೊಡುವ ಆಂಪ್ ಸುಮಾರು 5.7 ವೋಲ್ಟ್ ಕೊಡಬಲ್ಲದು. ಅಷ್ಟು ವೋಲ್ಟ್ ನಿಮ್ಮ ಹೆಡ್‌ಫೋನ್‌ಗೆ ಹೋದರೆ 117 ಡೆಸಿಬೆಲ್. 2.4 ವ್ಯಾಟ್‌ನದು 121ರ ಹತ್ತಿರ ಹೋಗುತ್ತದೆ. ನಾಲ್ಕು ಡೆಸಿಬೆಲ್ ವ್ಯತ್ಯಾಸ, ಅದೂ ಕಿವಿ ತಡೆಯಲಾರದ ಎತ್ತರದಲ್ಲಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ನಿಮಗೆ ವ್ಯಾಟ್ ಕೊರತೆ ಇಲ್ಲವೇ ಇಲ್ಲ.

ಕೊರತೆ ಇರುವುದು ಆಂಪ್‌ಗೆ ಬರುತ್ತಿರುವ ವೋಲ್ಟ್‌ನಲ್ಲಿ. ಇಂಥ ಆಂಪ್‌ಗಳ ಲೋ ಗೇನ್ ಹೆಚ್ಚಾಗಿ 1ರ ಆಸುಪಾಸು ಇರುತ್ತದೆ, ಒಳಗೆ ಬಂದಷ್ಟೇ ವೋಲ್ಟ್ ಹೊರಗೆ. ಕಂಪ್ಯೂಟರ್ ಜ್ಯಾಕ್ 1 ವೋಲ್ಟ್‌ನ ಸುತ್ತ ಕೊಡುತ್ತಿದ್ದರೆ ಲೋನಲ್ಲಿ ಸಾಲುವುದಿಲ್ಲ. ಹೈಗೆ ಹಾಕಿದರೆ ಗುಂಡಿಯನ್ನು ತೀರಾ ಕೆಳಗಿಡಬೇಕು, ಆಗ ಎಡ ಬಲ ಏರುಪೇರು. ಜೊತೆಗೆ ಕಂಪ್ಯೂಟರ್‌ನ ಗುಂಯ್ ಕೂಡ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ನಿಮಗೆ ಬೇಕಿರುವುದು ಆಂಪ್ ಅಲ್ಲ, ಡ್ಯಾಕ್. ಅಂದರೆ ಕಂಪ್ಯೂಟರ್‌ನ ಡಿಜಿಟಲ್ ಸಂಕೇತವನ್ನು ಆಂಪ್‌ಗೆ ಕೊಡುವ ಸದ್ದಿನ ಸಂಕೇತವಾಗಿ ಬದಲಿಸುವ ಸಾಧನ. ಯುಎಸ್‌ಬಿಗೆ ಸಿಕ್ಕಿಸುವ, ಆರ್‌ಸಿಎ ಔಟ್‌ನಲ್ಲಿ (ಎಡಕ್ಕೊಂದು ಬಲಕ್ಕೊಂದು ಇರುವ ದುಂಡು ಜ್ಯಾಕ್) 2 ವೋಲ್ಟ್ ಕೊಡುವ ಒಂದು ಸಾಧಾರಣ ಡೆಸ್ಕ್‌ಟಾಪ್ ಡ್ಯಾಕ್ ಸಾಕು. ಲೋ ಗೇನ್‌ನಲ್ಲೇ 108 ಡೆಸಿಬೆಲ್‌ವರೆಗೆ ಜಾಗ ಸಿಗುತ್ತದೆ. ಮದರ್‌ಬೋರ್ಡ್ ಹಿಂದೆ ಆಪ್ಟಿಕಲ್ ಔಟ್ ಇದ್ದರೆ ಆಪ್ಟಿಕಲ್ ಇನ್ ಇರುವ ಡ್ಯಾಕ್ ನೋಡಿ. ಅದರಲ್ಲಿ ಬೆಳಕು ಮಾತ್ರ ಹೋಗುತ್ತದೆ, ಕಂಪ್ಯೂಟರ್‌ನ ಕರೆಂಟಿನ ಗಲೀಜು ಆ ದಾರಿಯಲ್ಲಿ ದಾಟುವುದಿಲ್ಲ. ನೆನಪಿಡಿ, ನೀವು ಹೇಳಿದ ಆಟಂ ಆಂಪ್, ಹೆರೆಸಿ ಎರಡರಲ್ಲೂ ಡ್ಯಾಕ್ ಇಲ್ಲ.

ಇನ್ನೊಬ್ಬರು:

ಸರ್, ನಾಳೆ ಇವರು ಪ್ಲೇನಾರ್ ಹೆಡ್‌ಫೋನ್ (ತೆಳುವಾದ ಚಪ್ಪಟೆ ಹಾಳೆ ಅದುರಿ ಸದ್ದು ಹುಟ್ಟಿಸುವಂಥದ್ದು) ಕೊಂಡರೆ? ಆಗ ಜಾಸ್ತಿ ವ್ಯಾಟ್ ಬೇಕಾಗುತ್ತದಲ್ಲ?

ಉತ್ತರ:

ಒಳ್ಳೆಯ ಮಾತು. ಪ್ಲೇನಾರ್ ಲೆಕ್ಕ ಬೇರೆ. 25 ಓಮ್, 1 ಮಿಲಿವ್ಯಾಟ್‌ಗೆ 91 ಡೆಸಿಬೆಲ್ ಅಂತಿಟ್ಟುಕೊಳ್ಳಿ. 110 ಮುಟ್ಟಲು 80 ಮಿಲಿವ್ಯಾಟ್ ಬೇಕು. ವೋಲ್ಟ್ ಬರೀ 1.4, ಆದರೆ ಕರೆಂಟ್ 56 ಮಿಲಿ ಆಂಪಿಯರ್. ಡಿಟಿ 990ಗೆ 10 ಮಿಲಿ ಆಂಪಿಯರ್ ಸಾಕಿತ್ತು. ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ಗಳು ಸೋಲುವುದು ಇಲ್ಲೇ. ಆದರೂ 1 ವ್ಯಾಟ್‌ನ ಆಂಪ್‌ಗೆ ಇದು ಭಾರವಲ್ಲ. ತೀರಾ ಮೊಂಡು, ಅಂದರೆ ತುಂಬಾ ಶಕ್ತಿ ಬೇಡುವ ಪ್ಲೇನಾರ್ ಕೊಳ್ಳುವ ಆಸೆ ಇದ್ದರೆ ಮಾತ್ರ ಹೆರೆಸಿಯಂಥ ಹೆಚ್ಚು ಶಕ್ತಿಯದನ್ನು ನೋಡಬಹುದು.

ಒಂದು ಎಚ್ಚರಿಕೆ. ಡಬ್ಬದ ಮೇಲಿನ ಡೆಸಿಬೆಲ್ ಸಂಖ್ಯೆ ಮಿಲಿವ್ಯಾಟ್‌ಗೋ, ವೋಲ್ಟ್‌ಗೋ ನೋಡಿ. 32 ಓಮ್ ಹೆಡ್‌ಫೋನ್‌ನಲ್ಲಿ ಇವೆರಡರ ನಡುವೆ 15 ಡೆಸಿಬೆಲ್ ವ್ಯತ್ಯಾಸ ಇರುತ್ತದೆ.

ಪ್ರಶ್ನೆ ಕೇಳಿದವರು:

ಗೆಳೆಯರ ಹತ್ತಿರ ಒಂದು ಡ್ಯಾಕ್ ಎರವಲು ತಂದು ಯುಎಸ್‌ಬಿಗೆ ಹಾಕಿದೆ. ಗುಂಯ್ ಇಲ್ಲ, ಕಿರ್ ಕಿರ್ ಇಲ್ಲ! ಲೋ ಗೇನ್‌ನಲ್ಲಿ ಗುಂಡಿ ಅರ್ಧ ದಾಟುತ್ತದೆ, ಎರಡೂ ಕಿವಿಗೆ ಸಮ. ತುಂಬಾ ಖುಷಿಯಾಯಿತು. ಆದರೆ ನನ್ನ ಸ್ಪೀಕರನ್ನೂ ಆಂಪ್‌ನ ಹಿಂದಿನ ಔಟ್‌ಗೆ ಸೇರಿಸಿದ ತಕ್ಷಣ ಬೇರೆ ಥರದ ಗುಂಯ್ ಶುರುವಾಯಿತು.

ಉತ್ತರ:

ಸ್ಪೀಕರ್‌ಗೆ ಮೂರು ಪಿನ್ನಿನ ಪ್ಲಗ್ ಇದೆಯಾ? ಹಾಗಿದ್ದರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರ್‌ಗೊಂದು ಅರ್ತ್, ಸ್ಪೀಕರ್‌ಗೊಂದು ಅರ್ತ್, ನಡುವೆ ನಿಮ್ಮ ಆರ್‌ಸಿಎ ವೈರು ಸೇರಿ ಸುತ್ತು ಪೂರ್ತಿಯಾಗಿದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಗ ಆಪ್ಟಿಕಲ್ ದಾರಿಯೇ ಸರಿ. ಸುತ್ತು ಅಲ್ಲೇ ಕಡಿದುಹೋಗುತ್ತದೆ. ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ, ಅದು ಜೀವ ಕಾಯುವ ಪಿನ್ನು.

ಪ್ರಶ್ನೆ ಕೇಳಿದವರು:

ಒಂದೇ ಬೋರ್ಡಿಗೆ ಹಾಕಿದಾಗ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಿಂದೆ ಆಪ್ಟಿಕಲ್ ತೂತು ಇದೆ. ಆಪ್ಟಿಕಲ್ ಇನ್, 2 ವೋಲ್ಟ್ ಔಟ್ ಇರುವ ಡ್ಯಾಕ್ ಒಂದನ್ನೇ ಕೊಳ್ಳುತ್ತೇನೆ. ಆಂಪ್ ಇದೇ ಇರಲಿ.

ಉತ್ತರ:

ಸರಿಯಾದ ಆಯ್ಕೆ. ಆ ಡ್ಯಾಕ್‌ಗೆ ಕರೆಂಟನ್ನು ಕಂಪ್ಯೂಟರ್‌ನ ಯುಎಸ್‌ಬಿಯಿಂದ ಕೊಡಬೇಡಿ, ಸುತ್ತು ಮತ್ತೆ ಸೇರಿಕೊಳ್ಳುತ್ತದೆ. ಬೇರೆ ಎರಡು ಪಿನ್ನಿನ ಚಾರ್ಜರ್‌ನಿಂದ ಕೊಡಿ.