ಕರ್ನಾಟಕದ ಬೌದ್ಧರ ಸಂಖ್ಯೆ 2011ರ ಜನಗಣತಿಯಲ್ಲಿ ಅಷ್ಟೊಂದು ಇಳಿದದ್ದೇಕೆ?

ಪ್ರಶ್ನೆ:
2001ರ ಜನಗಣತಿಯಲ್ಲಿ ಕರ್ನಾಟಕದ ಬೌದ್ಧರು ಸುಮಾರು 3.93 ಲಕ್ಷ ಇದ್ದರು. 2011ರಲ್ಲಿ ಆ ಸಂಖ್ಯೆ 96 ಸಾವಿರದ ಆಸುಪಾಸಿಗೆ ಇಳಿದಿದೆ. ಸುಮಾರು ಮೂರು ಲಕ್ಷ ಜನ ಬೌದ್ಧ ಧರ್ಮವನ್ನು ಬಿಟ್ಟರೆಂದು ಇದನ್ನು ಓದಬಹುದೇ? ನಮ್ಮ ಕಲಬುರಗಿಯ ಬುದ್ಧ ವಿಹಾರಕ್ಕೆ ಬರುವ ಜನರನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಹಾಗೆ ಓದಲಾಗದು. ನಮ್ಮ ಜನಗಣತಿಯು ಈಗಿನ ಧರ್ಮ ಯಾವುದೆಂದು ಕೇಳುತ್ತದೆಯೇ ಹೊರತು ಹಿಂದೆ ಯಾವುದಿತ್ತು, ಯಾವಾಗ ಬದಲಾಯಿತು ಎಂದು ಕೇಳುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಅವರು ಧಮ್ಮದೀಕ್ಷೆ ಪಡೆದ ನಂತರ, ದೇಶದ ಬೌದ್ಧರ ಸಂಖ್ಯೆ 1951ರ ಸುಮಾರು 1.8 ಲಕ್ಷದಿಂದ 1961ರಲ್ಲಿ 32.5 ಲಕ್ಷಕ್ಕೆ ಏರಿತು. ಆ ಏರಿಕೆಯ ಹಿಂದೆ ಎಲ್ಲರೂ ಕಂಡ ಚಳವಳಿಯಿತ್ತು. ಕರ್ನಾಟಕದ ಇಳಿಕೆಗೆ ಅಂಥ ಸಾಮೂಹಿಕ ಕಾರಣ ಕಾಣುವುದಿಲ್ಲ. 1991ರಲ್ಲಿ ಇಲ್ಲಿನ ಬೌದ್ಧರು ಸುಮಾರು 73 ಸಾವಿರವಿದ್ದರೆಂಬುದನ್ನು ಗಮನಿಸಿದರೆ, ವಿವರಣೆ ಬೇಕಾಗಿರುವುದು 2011ರ ಇಳಿಕೆಗಷ್ಟೇ ಅಲ್ಲ, 2001ರ ಏರಿಕೆಗೂ ಹೌದು.

ಉತ್ತರ 2:
2011ರಲ್ಲಿ ನಾನು ಗಣತಿದಾರನಾಗಿದ್ದ ಶಿಕ್ಷಕ. ನಮೂನೆಯಲ್ಲಿ ಹಿಂದೂ ಧರ್ಮಕ್ಕೆ 1, ಬೌದ್ಧ ಧರ್ಮಕ್ಕೆ 5 ಎಂಬ ಸಂಕೇತವಿತ್ತು. ಹೆಸರು ನೋಡಿ ಧರ್ಮವನ್ನು ಊಹಿಸದೆ, ಮನೆಯವರು ಹೇಳಿದ್ದನ್ನೇ ಬರೆಯಬೇಕೆಂಬ ಸೂಚನೆಯೂ ಇತ್ತು. ಆದರೂ ಪರಿಶಿಷ್ಟ ಜಾತಿಯವರೆಂದು ತಿಳಿದೊಡನೆ, ಧರ್ಮ ಕೇಳದೆಯೇ 1 ಎಂದು ತುಂಬಿದವರನ್ನು ಕಂಡಿದ್ದೇನೆ. ಇನ್ನೊಂದು ಕಡೆ, ವಿಹಾರಕ್ಕೆ ನಡೆದುಕೊಳ್ಳುವ ಮನೆಯವರೇ, ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ತೊಂದರೆಯಾದೀತೆಂಬ ಭಯದಿಂದ, ಹಿಂದೂ ಎಂದೇ ಬರೆದುಕೊಳ್ಳಿ ಎನ್ನುತ್ತಿದ್ದರು. ಪರಿಶಿಷ್ಟ ಜಾತಿಗಳ ಆದೇಶಕ್ಕೆ 1990ರಲ್ಲಿ ಆದ ತಿದ್ದುಪಡಿಯಿಂದ, ಆ ಜಾತಿಗಳಿಂದ ಬಂದ ಬೌದ್ಧರಿಗೂ ಪರಿಶಿಷ್ಟ ಜಾತಿಯ ಸ್ಥಾನಮಾನ ದೊರೆತಿದೆ ಎಂಬ ಸಂಗತಿ ಎಷ್ಟೋ ಮನೆಗಳಿಗೆ ತಲುಪಿಯೇ ಇರಲಿಲ್ಲ. ಇದು ನನಗೆ ಇಂದಿಗೂ ನೋವಿನ ವಿಷಯ. ಇಡೀ ರಾಜ್ಯದ ಇಳಿಕೆಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ.

ಉತ್ತರ 3:
ನಮ್ಮ ಧರ್ಮವನ್ನೇ ಬರೆಸೋಣ ಎಂಬ ಸಂಘಟಿತ ಪ್ರಚಾರವಿದ್ದಾಗ ಏನಾಗುತ್ತದೆಂಬುದಕ್ಕೆ ಜಾರ್ಖಂಡ್ ಕಡೆಯ ಆದಿವಾಸಿಗಳನ್ನು ನೋಡಬೇಕು. ಪ್ರಕೃತಿಯನ್ನು ಪೂಜಿಸುವ ಅವರ ಸರ್ನಾ ಧರ್ಮಕ್ಕೆ ಪ್ರತ್ಯೇಕ ಸಂಕೇತವೇ ಇಲ್ಲದಿದ್ದರೂ, 2011ರಲ್ಲಿ ದೇಶದ 49 ಲಕ್ಷಕ್ಕೂ ಹೆಚ್ಚು ಜನ ಅದರ ಹೆಸರನ್ನೇ ಬರೆಸಿದರು. ಇದು ಪ್ರತ್ಯೇಕ ಸಂಕೇತವಿರುವ ಜೈನರ ಸಂಖ್ಯೆಗಿಂತಲೂ ಹೆಚ್ಚು. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದರಿಂದ, ಬೌದ್ಧ ಕುಟುಂಬಗಳು ಜಾತಿ ಮತ್ತು ಧರ್ಮ ಎರಡನ್ನೂ ತಾವೇ ಬಾಯಿಬಿಟ್ಟು ಹೇಳಿ, ನಮೂದಾದದ್ದನ್ನು ಗಣತಿದಾರರಿಂದ ಅಲ್ಲಿಯೇ ಓದಿಸಿ ಕೇಳಿಕೊಳ್ಳಬೇಕು.